ಬೇಲ್ ಆಗಿದೆ, ಬಿಡುಗಡೆ ಆಗಿಲ್ಲ: ನಮ್ಮೂರಿನ ಒಂದು ಸಣ್ಣ ಪತ್ರಿಕೆಗೆ ಸನ್ಮಾನ ಮಾಡಿದ ಕಥೆ

ಒಂದು ಕೇಸಿನ ಆರ್ಡರ್ ಶೀಟಿನಲ್ಲಿ ಎರಡು ಸಾಲು. ಮೊದಲನೆಯದು: ಆರೋಪಿಗೆ ಜಾಮೀನು ಮಂಜೂರಾಗಿದೆ. ಎರಡನೆಯದು ಸುಮಾರು ಎರಡು ವಾರದ ನಂತರದ್ದು: ಎ-1 ಜೆ.ಸಿ.ಯಿಂದ ವಿ.ಸಿ. ಮೂಲಕ ಹಾಜರು, ಜೆ.ಸಿ. ವಿಸ್ತರಿಸಿದೆ.

ಎ-1 ಅಂದ್ರೆ ಮೊದಲನೇ ಆರೋಪಿ. ಜೆ.ಸಿ. ಅಂದ್ರೆ ನ್ಯಾಯಾಂಗ ಬಂಧನ. ವಿ.ಸಿ. ಅಂದ್ರೆ ವಿಡಿಯೋ ಕಾನ್ಫರೆನ್ಸ್. ಅಂದ್ರೆ ಬೇಲ್ ಸಿಕ್ಕಿದ ಮನುಷ್ಯ ಎರಡು ವಾರ ಕಳೆದರೂ ಜೈಲಿನಲ್ಲೇ ಇದ್ದಾನೆ.

ನಾನು ಕೋರ್ಟ್ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವನು. ಇಂಥ ಸಾಲುಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲನೆಯದನ್ನೂ ಬರೆದಿದ್ದೇನೆ, ಎರಡನೆಯದನ್ನೂ ಬರೆದಿದ್ದೇನೆ. ಎರಡನ್ನೂ ಜೋಡಿಸಿ ಓದಿದ್ದು ಮಾತ್ರ ನಿವೃತ್ತನಾದ ಮೇಲೆ, ಒಂದು ನಾಲ್ಕು ಪುಟದ ಪತ್ರಿಕೆಯ ವರದಿಗಾರ್ತಿ ನಮ್ಮ ಮನೆ ಜಗುಲಿಯಲ್ಲಿ ಕೂತು ಕೇಳಿದಾಗ.

ಯಾವ ಪತ್ರಿಕೆ, ಯಾವ ಕೋರ್ಟು, ಯಾವ ಜೈಲು ಅಂತ ಇಲ್ಲಿ ಹೇಳುವುದಿಲ್ಲ. ಆ ಹುಡುಗನ ಕೇಸು ಇನ್ನೂ ನಡೆಯುತ್ತಿದೆ. ಕೋಲಾರ ಸೀಮೆ ಅಂತ ಇಟ್ಟುಕೊಳ್ಳಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಎರಡೂ ಒಂದೇ ಆಗಿದ್ದವು. ಎರಡರ ಕಚೇರಿಗಳಲ್ಲೂ ಕೆಲಸದ ಧಾಟಿ ಒಂದೇ.

ಮಂಡಿಯಲ್ಲಿ ಸಿಕ್ಕ ಸುದ್ದಿ

ಕೋಲಾರದ ಎಪಿಎಂಸಿಯ ಟೊಮೆಟೊ ಮಾರುಕಟ್ಟೆ ಗೊತ್ತಿಲ್ಲದವರು ಕಡಿಮೆ. ಸೀಸನ್ನಿನಲ್ಲಿ ಹದಿನೈದು ಕೆ.ಜಿ. ಬಾಕ್ಸುಗಳನ್ನು ಲಾರಿಗೆ ಏರಿಸಲು ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ. ನಂಗಲಿ ದಾಟಿದರೆ ಆಂಧ್ರ. ಆ ಕಡೆಯ ಹಳ್ಳಿಗಳವರಿಗೆ ನಮ್ಮ ಮಂಡಿ ದೂರವಲ್ಲ. ಭಾಷೆಯ ತೊಂದರೆಯೂ ಇಲ್ಲ, ಇಲ್ಲಿ ಅರ್ಧ ಊರು ಮನೆಯಲ್ಲಿ ತೆಲುಗೇ ಮಾತಾಡುತ್ತದೆ.

ಈ ಹುಡುಗ ಪಲಮನೇರು ಕಡೆಯವನು. 2024ರ ಶ್ರಾವಣದಲ್ಲಿ ಒಂದು ಬೈಕ್ ಕಳವಿನ ಕೇಸಿನಲ್ಲಿ ಸಿಕ್ಕಿಬಿದ್ದ. ಕದ್ದನೋ ಇಲ್ಲವೋ, ಅದನ್ನು ಕೋರ್ಟ್ ಹೇಳಬೇಕು. ಕಳವಿಗೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಹಿಂದೆ ಯಾವ ಕೇಸೂ ಇರಲಿಲ್ಲ. ಕಾನೂನು ನೆರವಿನ ವಕೀಲರು ಅರ್ಜಿ ಹಾಕಿದರು, ಮೂರು ವಾರದಲ್ಲಿ ಬೇಲ್ ಆಯ್ತು. ಷರತ್ತು: 50,000 ರೂಪಾಯಿ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಶ್ಯೂರಿಟಿ, ಅಂದ್ರೆ ಅವನ ಪರ ಹೊಣೆ ನಿಲ್ಲುವ ಜಾಮೀನುದಾರ.

ಸ್ಥಳೀಯ. ಕಥೆಯೆಲ್ಲಾ ಇರುವುದು ಆ ಒಂದು ಪದದಲ್ಲಿ.

ಅವನ ಅಣ್ಣ ಪಟ್ಟಾದಾರ್ ಪಾಸ್‌ಬುಕ್ (ಆಂಧ್ರದ ಜಮೀನು ದಾಖಲೆ) ಹಿಡಿದುಕೊಂಡು ಬಂದ. ಒಂದೂವರೆ ಎಕರೆ ಜಮೀನು, ಅಪ್ಪನ ಕಾಲದ್ದು. ಕಾಗದ ತೆಲುಗಿನಲ್ಲಿತ್ತು. ಕಚೇರಿಯಲ್ಲಿ, "ಇದು ನಡೆಯಲ್ಲ, ಇಲ್ಲಿಯ ಪಹಣಿ ಇರೋರನ್ನ ಕರ್ಕೊಂಡು ಬನ್ನಿ" ಅಂದರು. ಹಾಗೆ ಅಂದವರ ಮೇಲೆ ನನಗೆ ಸಿಟ್ಟಿಲ್ಲ. ಅದೇ ಮಾತನ್ನು ನಾನೂ ಅದೇ ಧ್ವನಿಯಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೇನೆ. ಶ್ಯೂರಿಟಿ ಕೊಟ್ಟವನು ನಾಳೆ ಬೇಕಾದರೆ ಕೈಗೆ ಸಿಗಬೇಕು, ಅವನ ಆಸ್ತಿ ನಮ್ಮ ತಹಶೀಲ್ದಾರರ ದಾಖಲೆಯಲ್ಲಿ ಇರಬೇಕು, ಅಷ್ಟೇ ನಮ್ಮ ಯೋಚನೆ. ಎದುರಿಗೆ ನಿಂತವನಿಗೆ ಇಲ್ಲಿ ಯಾರಿದ್ದಾರೆ ಅನ್ನುವುದು ನಮ್ಮ ತಲೆಗೆ ಬರುತ್ತಿರಲಿಲ್ಲ.

ಕೋರ್ಟಿನ ಎದುರು ಟೀ ಅಂಗಡಿಯಲ್ಲಿ ಒಬ್ಬ, "ಎಂಟು ಸಾವಿರ ಕೊಡು, ಪಹಣಿ ಇರೋನನ್ನ ನಿಲ್ಲಿಸ್ತೀನಿ" ಅಂದನಂತೆ. ಅಣ್ಣನ ಹತ್ತಿರ ಅಷ್ಟಿರಲಿಲ್ಲ. ಇಂಥವರು ಯಾವ ಕೋರ್ಟಿನ ಮುಂದೆ ಇರಲ್ಲ ಹೇಳಿ? ಇದರಲ್ಲೊಂದು ತಮಾಷೆ ಇದೆ. ಆರೋಪಿಯ ಮುಖವನ್ನೇ ನೋಡಿರದ ಬಾಡಿಗೆ ಶ್ಯೂರಿಟಿ ಪಹಣಿ ಇದ್ದರೆ ಪಾಸು. ತಮ್ಮನಿಗಾಗಿ ಎರಡು ಬಸ್ಸು ಹತ್ತಿ ಬಂದ ಅಣ್ಣ ಫೇಲು.

ದೀಪಾವಳಿ ಹೊತ್ತಿಗೆ ಈ ಸುದ್ದಿ ವರದಿಗಾರ್ತಿಯ ಕಿವಿಗೆ ಬಿತ್ತು. ಟೊಮೆಟೊ ರೇಟು ಬರೆದುಕೊಳ್ಳಲು ಮಂಡಿಗೆ ಹೋಗಿದ್ದಳು. ಹಮಾಲಿಯೊಬ್ಬರು ಮಾತಿಗೆ ಮಾತು ಬಂದು, "ನಮ್ಮ ಹುಡುಗನಿಗೆ ಬೇಲ್ ಆಗಿ ಒಂದೂವರೆ ತಿಂಗಳಾಯ್ತಮ್ಮ, ಇನ್ನೂ ಒಳಗೇ ಅವ್ನೆ" ಅಂದರಂತೆ.

ಜಗುಲಿಯಲ್ಲಿ

ಪತ್ರಿಕೆಯ ಸಂಪಾದಕರು ನನಗೆ ಹಳೇ ಪರಿಚಯ. ಪತ್ರಿಕೆ ಅಂದರೆ ಒಂದು ಪ್ರೆಸ್ಸು, ಎರಡು ಕಂಪ್ಯೂಟರ್, ಸಂಬಳಕ್ಕಿರುವವರು ನಾಲ್ಕೈದು ಜನ. ಅದೇ ಪ್ರೆಸ್ಸಿನಲ್ಲಿ ಮದುವೆ ಕಾರ್ಡೂ ಅಚ್ಚಾಗುತ್ತದೆ. ಪತ್ರಿಕೆ ಬದುಕಿರುವುದು ವಾರ್ತಾ ಇಲಾಖೆಯ ಜಾಹೀರಾತಿನಿಂದ, ಮುಖಂಡರ ಹುಟ್ಟುಹಬ್ಬದ ಶುಭಾಶಯಗಳಿಂದ, ಮತ್ತೆ ಕೋರ್ಟ್ ನೋಟಿಸುಗಳಿಂದ. ಪ್ರತಿವಾದಿಗೆ ಸಮನ್ಸ್ ಜಾರಿಯಾಗದಿದ್ದರೆ ವಕೀಲರು ಕೋರ್ಟಿನ ಅನುಮತಿ ತೆಗೆದುಕೊಂಡು ಪೇಪರ್ ಪಬ್ಲಿಕೇಶನ್ ಹಾಕಿಸುತ್ತಾರಲ್ಲ, ಅದು. ಊರಿನ ಸಣ್ಣ ಪತ್ರಿಕೆಗೆ ಅದು ದಿನಸಿ ದುಡ್ಡು ಇದ್ದಂತೆ. ಅಂಥ ಪತ್ರಿಕೆ ಕೋರ್ಟಿನ ಕೆಲಸದ ಬಗ್ಗೆ ತನಿಖಾ ವರದಿ ಬರೆಯುತ್ತದೆ ಅಂದರೆ ಏನರ್ಥ ಅಂತ ಹೊರಗಿನವರಿಗೆ ಸುಲಭಕ್ಕೆ ಗೊತ್ತಾಗಲ್ಲ.

ಸಂಪಾದಕರೇ ಆ ಹುಡುಗಿಯನ್ನು ನನ್ನ ಹತ್ತಿರ ಕಳಿಸಿದ್ದರು. ಮೊಬೈಲಿನಲ್ಲಿ ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ಆ್ಯಪ್ ತೆಗೆದು ತೋರಿಸಿದಳು. "ಸಾರ್, ಈ ಜೆ.ಸಿ. ಅಂದ್ರೇನು?" ಹೇಳಿದೆ. "ವಿಸ್ತರಿಸಿದೆ ಅಂದ್ರೆ?" ಇನ್ನೂ ಹದಿನೈದು ದಿನದೊಳಗಿನ ಒಂದು ತಾರೀಖಿನ ತನಕ ಒಳಗಿಡುವುದು ಅಂದೆ. ಚಾರ್ಜ್‌ಶೀಟ್ ಬಂದ ಮೇಲೂ ಒಂದು ಸಲಕ್ಕೆ ಹದಿನೈದು ದಿನ ಮೀರುವ ಹಾಗಿಲ್ಲ ಅಂತ ದೊಡ್ಡದಾಗಿ ಪಾಠ ಮಾಡಿದೆ.

"ಹಾಗಾದ್ರೆ ಬೇಲ್ ಆದ ಮೇಲೆ ನಾಲ್ಕು ಸಲ ವಿಸ್ತರಿಸಿದ್ದಾರಲ್ಲ ಸಾರ್. ಒಂದು ಸಲವೂ ಯಾಕೆ ಇನ್ನೂ ಒಳಗಿದ್ದೀಯ ಅಂತ ಯಾರೂ ಕೇಳಲ್ವಾ?"

ನಾನು ಕಾಫಿ ತರ್ತೀನಿ ಅಂತ ಒಳಗೆ ಹೋದೆ. ಕಾಫಿ ಆಗಲೇ ಕುಡಿದಾಗಿತ್ತು.

ಆಮೇಲೆ ನಾನೇ ಅವಳಿಗೆ ಒಂದು ದಾರಿ ತೋರಿಸಿದೆ. ಜೈಲಿನವರನ್ನು ಕೇಳಬೇಕಾಗಿಲ್ಲ, ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಒಂದು ಕೋರ್ಟು ತೆಗೆದುಕೋ. ದಿನದ ಆದೇಶಗಳಲ್ಲಿ ಬೇಲ್ ಮಂಜೂರಾದ ಕೇಸುಗಳನ್ನು ಗುರುತು ಹಾಕಿಕೋ. ಅದೇ ಕೇಸಿನ ಮುಂದಿನ ತಾರೀಖುಗಳಲ್ಲಿ ಆರೋಪಿ "ಬೇಲ್ ಮೇಲೆ ಹಾಜರು" ಅಂತ ಇದ್ದರೆ ಹೊರಗೆ ಬಂದಿದ್ದಾನೆ. "ಜೆ.ಸಿ.ಯಿಂದ ಹಾಜರು" ಅಂತ ಇದ್ದರೆ ಬಂದಿಲ್ಲ. ಎಲ್ಲಾ ಸಾರ್ವಜನಿಕ ದಾಖಲೆ, ಬಿಟ್ಟಿ. ಬೇಕಾಗಿರುವುದು ತಾಳ್ಮೆ, ಒಂದು ನೋಟ್‌ಬುಕ್, ಮತ್ತೆ ಕನ್ನಡಕ.

ಕಾಗದದ ಮೇಲೆ ಏನಿದೆ

ಇಂಥ ಪರಿಸ್ಥಿತಿಗೆ ದಾರಿ ಇಲ್ಲದೇ ಇಲ್ಲ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ಸ್ಪಷ್ಟವಾಗಿ ನಿರ್ದೇಶನ ಕೊಟ್ಟಿದೆ. ಬೇಲ್ ಆದ ದಿನ ಅಥವಾ ಮಾರನೇ ದಿನ ಆದೇಶದ ಪ್ರತಿ ಇಮೇಲಿನಲ್ಲಿ ಜೈಲಿಗೆ ಹೋಗಬೇಕು. ಜೈಲಿನವರು ಆ ತಾರೀಖನ್ನು ಇ-ಪ್ರಿಸನ್ಸ್ ಸಾಫ್ಟ್‌ವೇರಿನಲ್ಲಿ ಹಾಕಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಒಬ್ಬ ಅರೆಕಾನೂನು ಸ್ವಯಂಸೇವಕರನ್ನೋ ವಕೀಲರನ್ನೋ ಕಳಿಸಿ ಏನು ಅಡ್ಡಿ ಅಂತ ನೋಡಬೇಕು. ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತನ್ನು ಸಡಿಲಿಸುವ ಬಗ್ಗೆ ಯೋಚಿಸಬಹುದು. ಬಿಡುಗಡೆ ತಡವಾಗಲು ಸ್ಥಳೀಯ ಶ್ಯೂರಿಟಿ ಕೇಳುವುದೂ ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕದಿರಬಹುದು ಅಂತಲೂ ಅದರಲ್ಲಿ ಇದೆ.

ಇದು ಹೊಸ ಜ್ಞಾನೋದಯವೇನೂ ಅಲ್ಲ. 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಬರೆದಿದ್ದರು. ಮೋತಿರಾಮ್ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನು. ಅವನಿಗೆ ಮ್ಯಾಜಿಸ್ಟ್ರೇಟ್ ಕೇಳಿದ್ದು 10,000 ರೂಪಾಯಿಯ ಶ್ಯೂರಿಟಿ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಶ್ಯೂರಿಟಿಗೆ ನಿಂತರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಿರಸ್ಕರಿಸಿದರು. ಸುಪ್ರೀಂ ಕೋರ್ಟ್ ಮೊತ್ತವನ್ನು 1,000ಕ್ಕೆ ಇಳಿಸಿತು. ಒಬ್ಬ ಮಲಯಾಳಿ, ಕನ್ನಡಿಗ, ತಮಿಳ, ತೆಲುಗ ದೂರದ ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಸಿಕ್ಕಿಕೊಂಡರೆ ಅಲ್ಲಿಯ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಅಂತ ಆ ತೀರ್ಪಿನಲ್ಲಿ ಕೇಳಿದ್ದಾರೆ. ನಮ್ಮ ಹುಡುಗನದು ಅಷ್ಟು ದೂರವೂ ಅಲ್ಲ. ನಂಗಲಿ ಗಡಿಯ ಆ ಕಡೆ, ಅಷ್ಟೇ.

ಈ ತೀರ್ಪು ಬಂದಾಗ ನಾನು ನೌಕರಿಗೇ ಸೇರಿರಲಿಲ್ಲ. ಸೇರಿದ ಮೇಲೆ ಒಂದು ದಿನವೂ ಯಾರೂ ಇದನ್ನು ನನಗೆ ಹೇಳಿಕೊಡಲಿಲ್ಲ. ಕೆಲಸ ಕಲಿತದ್ದು ಹಿಂದಿನ ಗುಮಾಸ್ತರು ಮಾಡುತ್ತಿದ್ದುದನ್ನು ನೋಡಿ.

ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳಿಗೆ ನೆರವಿನ ಯೋಜನೆಯೊಂದನ್ನು ತಂದಿದೆ. ಶುರುವಿನ ನಿಯಮದಂತೆ ವಿಚಾರಣಾಧೀನ ಕೈದಿಗೆ ಬೇಲ್ ಹಣ ಕಟ್ಟಲು 40,000 ರೂಪಾಯಿ ತನಕ ಕೊಡುತ್ತಿದ್ದರು. ಒಳ್ಳೆಯದೇ. ಆದರೆ ಇಲ್ಲಿ ಕೋರ್ಟ್ ಕೇಳಿದ್ದು ಹಣವನ್ನಲ್ಲ, ಪಹಣಿ ಇರುವ ಒಬ್ಬ ಮನುಷ್ಯನನ್ನು. ಇನ್ನು 2024ರ ಜುಲೈ 1ರಿಂದ ಸಿ.ಆರ್.ಪಿ.ಸಿ. ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇದೆ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿರದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಅವನನ್ನು ಬಾಂಡಿನ ಮೇಲೆ ಬಿಡಬೇಕು ಅನ್ನುತ್ತದೆ. ಇವನ ಲೆಕ್ಕದಲ್ಲಿ ಒಂದು ವರ್ಷ. ಅದಕ್ಕೆ ಕಾಯುತ್ತಾ ಕೂತರೆ ಮುಂದಿನ ಟೊಮೆಟೊ ಸೀಸನ್ನೂ ಮುಗಿದಿರುತ್ತಿತ್ತು.

ಒಂದು ಅಂಕಿ ಹೇಳಿ ಮುಂದೆ ಹೋಗುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ತಪ್ಪು ಇನ್ನೂ ಸಾಬೀತಾಗಿಲ್ಲ.

ವರದಿಗಳು, ಮತ್ತೊಂದು ತಪ್ಪು

ಮೊದಲ ವರದಿ ಕಾರ್ತಿಕದಲ್ಲಿ ಬಂತು. ಎರಡು ಕಾಲಂ, ಫೋಟೋ ಇಲ್ಲ. ಹುಡುಗನ ಹೆಸರಿಲ್ಲ. ನ್ಯಾಯಾಧೀಶರ ಬಗ್ಗೆ ಒಂದು ಮಾತೂ ಇಲ್ಲ. ಬೇಲ್ ಆದ ತಾರೀಖು, ಆಮೇಲೆ ನಾಲ್ಕು ಸಲ ಬಂಧನ ವಿಸ್ತರಿಸಿದ ತಾರೀಖುಗಳು, ಸುಪ್ರೀಂ ಕೋರ್ಟ್ ಹೇಳಿದ 7 ದಿನ. ಇಷ್ಟೇ. ಓದಿದವರು ಓದಿದರು, ಬಿಟ್ಟವರು ಬಿಟ್ಟರು. ಅದೇ ದಿನ ಮುಖಪುಟದಲ್ಲಿ ಒಂದು ರಾಜಕೀಯ ಜಗಳ ಇತ್ತು, ಊರೆಲ್ಲಾ ಅದನ್ನೇ ಮಾತಾಡಿತು.

ಎರಡನೇ ವರದಿಯಲ್ಲಿ ಪತ್ರಿಕೆ ಎಡವಿತು. ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಲೇ ಇಲ್ಲ ಅಂತ ಬರೆದುಬಿಟ್ಟರು. ಹೇಳಿದವರು ಯಾರೋ ಒಬ್ಬರು, ಕಾಗದ ನೋಡಿರಲಿಲ್ಲ. ಮಾರನೇ ದಿನ ಜೈಲಿನಿಂದ ಒಬ್ಬರು ಪ್ರೆಸ್ಸಿಗೇ ಬಂದು ಪತ್ರದ ಪ್ರತಿ ಟೇಬಲ್ ಮೇಲಿಟ್ಟರು. ಬೇಲ್ ಆದ ಎಂಟನೇ ದಿನವೇ ಪತ್ರ ಹೋಗಿತ್ತು. ರವಾನೆ ಸಂಖ್ಯೆ ಸಮೇತ.

ಇಂಥ ಹೊತ್ತಿನಲ್ಲಿ ನಮ್ಮ ಕಡೆ ಸಾಮಾನ್ಯವಾಗಿ ಆಗುವುದೇನು ಅಂದರೆ ಒಳಪುಟದ ಮೂಲೆಯಲ್ಲಿ ಒಂದು ಸ್ಪಷ್ಟನೆ ಬರುತ್ತದೆ. ಸಂಪಾದಕರು ಹಾಗೆ ಮಾಡಲಿಲ್ಲ. ತಪ್ಪು ವರದಿ ಬಂದ ಜಾಗದಲ್ಲೇ, ಅಷ್ಟೇ ಅಗಲಕ್ಕೆ, "ನಾವು ಬರೆದದ್ದು ತಪ್ಪು" ಅಂತ ತಲೆಬರಹ ಕೊಟ್ಟು ಹಾಕಿದರು. ಅದರ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಪತ್ರ ಹೋಗಿದ್ದರೆ, ಹೋಗಿ ಏನಾಯ್ತು?

ನನ್ನ ಮಟ್ಟಿಗೆ ಈ ಇಡೀ ಸರಣಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ವರದಿ ಆ ತಿದ್ದುಪಡಿಯೇ. ಅಲ್ಲಿಂದ ಯಾರನ್ನು ಬೈಯಬೇಕು ಅನ್ನುವ ಹುಡುಕಾಟ ನಿಂತು, ಕಾಗದ ಎಲ್ಲಿ ನಿಂತಿದೆ ಅನ್ನುವ ಹುಡುಕಾಟ ಶುರುವಾಯ್ತು.

ಉತ್ತರ ಸಿಗಲು ಮೂರು ವಾರ ಬೇಕಾಯ್ತು. ಪತ್ರ ತಲುಪಿತ್ತು. ಒಬ್ಬ ಸ್ವಯಂಸೇವಕರು ಜೈಲಿಗೆ ಹೋಗಿ ಹುಡುಗನನ್ನು ಮಾತಾಡಿಸಿಯೂ ಇದ್ದರು. "ನಮ್ಮಣ್ಣ ಬರ್ತಾನೆ ಸಾಮಿ" ಅಂದಿದ್ದ. ಅವರು "ಶ್ಯೂರಿಟಿ ವ್ಯವಸ್ಥೆ ಆಗುತ್ತಿದೆ" ಅಂತ ಬರೆದು ವರದಿ ಕೊಟ್ಟಿದ್ದರು. ಅಣ್ಣ ಬಂದದ್ದೂ ನಿಜ, ವಾಪಸ್ ಹೋದದ್ದೂ ನಿಜ. ಆ ಎರಡನೇ ಸಂಗತಿ ಯಾರ ಫೈಲಿಗೂ ಬರಲಿಲ್ಲ. ಜೈಲು ತನ್ನ ಕೆಲಸ ಮಾಡಿತ್ತು, ಪ್ರಾಧಿಕಾರ ತನ್ನ ಕೆಲಸ ಮಾಡಿತ್ತು, ಕೋರ್ಟ್ ಕಚೇರಿ ತನ್ನ ಪದ್ಧತಿಯಂತೆ ನಡೆದುಕೊಂಡಿತ್ತು. ಹುಡುಗ ಮಾತ್ರ ಒಳಗೇ ಇದ್ದ.

ನಡುವೆ ಆರ್‌ಟಿಐ ಅರ್ಜಿ ಒಂದು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಬೇಲ್ ಆಗಿ 7 ದಿನ ಮೀರಿದರೂ ಬಿಡುಗಡೆಯಾಗದವರ ಬಗ್ಗೆ ಪ್ರತ್ಯೇಕ ರಿಜಿಸ್ಟರ್ ಇದೆಯೇ, ಇದ್ದರೆ ಹೆಸರು ಬಿಟ್ಟು ಸಂಖ್ಯೆ ಕೊಡಿ ಅಂತ ಕೇಳಿದ್ದಳು. 30 ದಿನಕ್ಕೆ ಉತ್ತರ ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಬಂತು: ಅಂಥ ಮಾಹಿತಿಯನ್ನು ಪ್ರತ್ಯೇಕವಾಗಿ ನಿರ್ವಹಿಸುತ್ತಿಲ್ಲ. ಬೇರೆಯವರಾಗಿದ್ದರೆ ಆ ಕಾಗದವನ್ನು ಮಡಚಿ ಎಸೆಯುತ್ತಿದ್ದರು. ಇವರು ಆ ಒಂದು ವಾಕ್ಯವನ್ನೇ ತಲೆಬರಹ ಮಾಡಿದರು.

ಬೈಕ್ ಕಳೆದುಕೊಂಡವರನ್ನೂ ಮಾತಾಡಿಸಿದ್ದರು. ಹಾಲು ಹಾಕುವ ಮನುಷ್ಯ. "ಕಳ್ಳನ ಪರ ಬರೀತೀರಲ್ಲಮ್ಮ, ನನ್ನ ಪರ ಯಾರು ಬರೀತಾರೆ?" ಅಂತ ಕೂಗಾಡಿದರಂತೆ. ಅದನ್ನು ಹಾಗೇ ಹಾಕಿದರು. ಆಮೇಲೆ ಗೊತ್ತಾದದ್ದು ಇನ್ನೂ ಸ್ವಾರಸ್ಯವಾಗಿತ್ತು. ಪೊಲೀಸರಿಗೆ ಸಿಕ್ಕಿದ ಬೈಕನ್ನು ಮಧ್ಯಂತರವಾಗಿ ಬಿಡಿಸಿಕೊಳ್ಳಲು ಅವರೂ ಕೋರ್ಟಿಗೆ ಅರ್ಜಿ ಹಾಕಿ, ಬಾಂಡು ಬರೆದುಕೊಟ್ಟು, ಒಬ್ಬ ಶ್ಯೂರಿಟಿಯನ್ನು ತರಬೇಕಾಗಿತ್ತು. ತಮ್ಮ ಬೈಕಿಗೆ ತಾವೇ! ಅದಕ್ಕಾಗಿ ಬೆಳಗಿನ ಹಾಲು ಬಿಟ್ಟು ಮೂರು ದಿನ ಓಡಾಡಿದ್ದರು. ಆ ವರದಿ ಬಂದ ಮೇಲೆ ಊರಲ್ಲಿ ಮಾತಿನ ಧಾಟಿ ಸ್ವಲ್ಪ ಬದಲಾಯ್ತು. ಬರೀ ಕಳ್ಳರ ವಿಷಯ ಅಂದುಕೊಂಡಿದ್ದವರಿಗೆ ಇದು ಕೋರ್ಟಿನ ಮೆಟ್ಟಿಲು ಹತ್ತಿದ ಯಾರಿಗಾದರೂ ಆಗುವುದು ಅಂತ ಗೊತ್ತಾಯ್ತು.

ವಕೀಲರಲ್ಲಿ ಕೆಲವರಿಗೆ ಸಿಟ್ಟು ಬಂತು. ನ್ಯಾಯಾಂಗ ನಿಂದನೆ ಆಗುತ್ತೆ ಅಂತ ಒಬ್ಬರು ಹೆದರಿಸಿದರು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲೇ ಕೋರ್ಟ್ ಕಲಾಪದ ನ್ಯಾಯಯುತ, ನಿಖರ ವರದಿ ನಿಂದನೆಯಲ್ಲ ಅಂತ ಇದೆ. ಹಾಗಿದ್ದರೂ ಇಬ್ಬರು ತಮ್ಮ ಪಬ್ಲಿಕೇಶನ್ ನೋಟಿಸುಗಳನ್ನು ಬೇರೆ ಪತ್ರಿಕೆಗೆ ಒಯ್ದರು. ಸಂಪಾದಕರು ಅದರ ಬಗ್ಗೆ ಬರೆಯಲಿಲ್ಲ. ನಾನು ಕೇಳಿದ್ದಕ್ಕೆ, "ಮಾಘದಲ್ಲಿ ಮದುವೆ ಕಾರ್ಡು ಜಾಸ್ತಿ ಬರುತ್ತೆ ಬಿಡಿ" ಅಂದರು.

ಹುಡುಗ ಹೊರಗೆ ಬಂದದ್ದು ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ. ಬೇಲ್ ಆಗಿ ಮೂರೂವರೆ ತಿಂಗಳ ಮೇಲೆ. ಕಾನೂನು ನೆರವಿನ ವಕೀಲರು 2023ರ ನಿರ್ದೇಶನವನ್ನು ಉಲ್ಲೇಖಿಸಿ ಷರತ್ತು ಸಡಿಲಿಸಲು ಅರ್ಜಿ ಹಾಕಿದ್ದರು. ಕೋರ್ಟ್ ಒಂದೇ ತಾರೀಖಿನಲ್ಲಿ ಒಪ್ಪಿತು. ಅಣ್ಣನ ಪಾಸ್‌ಬುಕ್ಕೇ ಸಾಕಾಯ್ತು, ಜೊತೆಗೊಂದು ಕನ್ನಡ ಅನುವಾದ.

ಪತ್ರಿಕೆ ಅಲ್ಲಿಗೆ ನಿಲ್ಲಿಸಬಹುದಿತ್ತು. ಜೈಲಿನ ಬಾಗಿಲಲ್ಲಿ ಅಣ್ಣತಮ್ಮಂದಿರ ಫೋಟೋ ಹಾಕಿ, ನಮ್ಮ ವರದಿಯ ಪರಿಣಾಮ ಅಂತ ಕೆಂಪು ಅಕ್ಷರದಲ್ಲಿ ಬರೆದುಕೊಳ್ಳಬಹುದಿತ್ತು. ಫೋಟೋ ಹಾಕಲಿಲ್ಲ. ಬದಲಿಗೆ ಮುಂದಿನ ತಾರೀಖಿಗೆ ಹುಡುಗ ಬರುತ್ತಾನಾ ಅಂತ ನೋಡಲು ಹೋದರು. ಬಂದ. ಮೊದಲ ಬಸ್ಸಿಗೇ ಬಂದು, ಕೂಗುವ ತನಕ ಕಾರಿಡಾರಿನಲ್ಲಿ ನಿಂತಿದ್ದ. ಅದರ ಮುಂದಿನದಕ್ಕೆ ಬರಲಿಲ್ಲ. ವಾರಂಟ್ ಆಯ್ತು. ಜ್ವರ ಅಂದ, ಚೀಟಿ ತಂದ, ವಾರಂಟ್ ವಾಪಸ್ ಆಯ್ತು. ಪತ್ರಿಕೆ ಅದನ್ನೂ ಬರೆಯಿತು. "ನೋಡಿದ್ರಾ, ಇದಕ್ಕೇ ಲೋಕಲ್ ಶ್ಯೂರಿಟಿ ಕೇಳೋದು" ಅಂತ ನನ್ನ ಹಳೇ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ನಕ್ಕರು. ಲೋಕಲ್ ಶ್ಯೂರಿಟಿ ಇರುವವರು ಎಷ್ಟು ಜನ ತಪ್ಪಿಸಿಕೊಳ್ಳಲ್ಲ, ನಾವು ಎಷ್ಟು ವಾರಂಟ್ ಬರೆದಿಲ್ಲ ಅಂತ ಕೇಳಿದೆ. ಫೋನ್ ಇಟ್ಟರು.

ಶಾಲು ಯಾಕೆ, ಯಾರಿಗೆ

ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಶುರುಮಾಡಿದರು. ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದದ್ದೂ ಜುಲೈ 1ರಂದೇ. ನಮ್ಮದೊಂದು ಸಣ್ಣ ಓದುಗರ ಗುಂಪು ಇದೆ. ನಿವೃತ್ತರು, ಇಬ್ಬರು ಮೇಷ್ಟ್ರು, ಒಬ್ಬ ವಕೀಲರು, ಒಬ್ಬ ಔಷಧಿ ಅಂಗಡಿಯವರು. ಪ್ರತಿ ವರ್ಷ ಆ ದಿನ ಒಬ್ಬ ಪತ್ರಕರ್ತರಿಗೆ ಶಾಲು, ಹಾರ, ಮೈಸೂರು ಪಾಕು. 2025ರಲ್ಲಿ ಈ ಪತ್ರಿಕೆಯ ಹೆಸರು ಬಂತು.

ನಾನು ಮೊದಲೇ ಹೇಳಿಬಿಟ್ಟೆ, ಆ ವರದಿಗೆ ನಾನೂ ಸ್ವಲ್ಪ ಸಹಾಯ ಮಾಡಿದ್ದೇನೆ, ನನ್ನ ಓಟು ಲೆಕ್ಕಕ್ಕಿಡಬೇಡಿ ಅಂತ. ಚರ್ಚೆ ಎರಡು ಸಂಜೆ ನಡೆಯಿತು. ವಕೀಲರ ವಾದ: ಒಬ್ಬ ಹುಡುಗ ಹೊರಗೆ ಬಂದ, ಅದರಿಂದ ವ್ಯವಸ್ಥೆ ಏನು ಬದಲಾಯ್ತು? ಅದೂ ತಪ್ಪು ವರದಿ ಮಾಡಿದ ಪತ್ರಿಕೆಗೆ ಸನ್ಮಾನವಾ? ಮೇಷ್ಟ್ರೊಬ್ಬರು 1979ರ ಕಥೆ ತೆಗೆದರು. ಪೊಲೀಸ್ ಆಯೋಗದ ಸದಸ್ಯರಾಗಿದ್ದ ರುಸ್ತಮ್‌ಜಿ ಬಿಹಾರದ ಜೈಲುಗಳನ್ನು ನೋಡಿ ಬಂದು, ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ಸಿನಲ್ಲಿ ಬರೆದರು. ವಿಚಾರಣೆ ಶುರುವಾಗುವ ಮೊದಲೇ ಪೂರ್ತಿ ಶಿಕ್ಷೆಗಿಂತ ಜಾಸ್ತಿ ವರ್ಷ ಒಳಗೆ ಕಳೆದವರು ಅಲ್ಲಿದ್ದರು. ಆ ಲೇಖನ ಓದಿದ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ಬೇಗ ವಿಚಾರಣೆ ಆಗುವುದು ಆರೋಪಿಯ ಮೂಲಭೂತ ಹಕ್ಕು ಅಂತ ಕೋರ್ಟ್ ಹೇಳಿದ್ದು ಒಂದು ಪತ್ರಿಕೆಯ ಎರಡು ದಿನದ ಬರಹದಿಂದ.

"ಅದು ದೊಡ್ಡ ಪತ್ರಿಕೆ, ಇದು ಮದುವೆ ಕಾರ್ಡ್ ಪ್ರೆಸ್ಸು" ಅಂದರು ವಕೀಲರು. ಎಲ್ಲರೂ ನಕ್ಕರು, ಅವರೂ ನಕ್ಕರು. ಮುಳಬಾಗಿಲಿನ ಡಿ.ವಿ.ಜಿ. 1913ರಲ್ಲಿ 'ಕರ್ನಾಟಕ' ಪತ್ರಿಕೆ ಶುರುಮಾಡಿದಾಗ ಅದೇನು ದೊಡ್ಡದಿತ್ತಾ ಅಂತ ಔಷಧಿ ಅಂಗಡಿಯವರು ಕೇಳಿದರು. ಮುಳಬಾಗಿಲಿನವರು, ಡಿ.ವಿ.ಜಿ. ಹೆಸರು ತೆಗೆಯದೆ ಅವರಿಗೆ ಸಭೆ ಮುಗಿಯಲ್ಲ.

ಕೊನೆಗೆ ಒಪ್ಪಿದ್ದು ಒಂದು ವಿಷಯಕ್ಕೆ. ಅಭಿನಂದನಾ ಪತ್ರದಲ್ಲಿ "ಅಮಾಯಕನಿಗೆ ಬಿಡುಗಡೆ ಕೊಡಿಸಿದ" ಅಂತ ಬರೆಯಬಾರದು. ಅವನು ಅಮಾಯಕನೋ ಅಲ್ಲವೋ ನಮಗೆ ಗೊತ್ತಿಲ್ಲ. ಬಿಡುಗಡೆ ಕೊಟ್ಟದ್ದು ಕೋರ್ಟು. ಆರು ವರದಿ, ಒಂದು ತಿದ್ದುಪಡಿ, ಒಂದು ಆರ್‌ಟಿಐ, ಇವಿಷ್ಟನ್ನು ತಾರೀಖು ಸಮೇತ ಬರೆದೆವು. ಅಂಥ ಒಣ ಅಭಿನಂದನಾ ಪತ್ರವನ್ನು ನಾನು ಬೇರೆಲ್ಲೂ ನೋಡಿಲ್ಲ. ಬರೆದವನು ನಾನೇ, ಆರ್ಡರ್ ಶೀಟಿನ ಅಭ್ಯಾಸ.

ಸಂಪಾದಕರು ಶಾಲು ಹೊದ್ದುಕೊಂಡರು, ಮಾತಾಡಲು ಒಪ್ಪಲಿಲ್ಲ. ವರದಿಗಾರ್ತಿ ಮೈಕ್ ಹಿಡಿದು ಒಂದೇ ಕೇಳಿದಳು. "ಸಾರ್, ನನಗೆ ಜಗುಲಿಯಲ್ಲಿ ಹೇಳಿಕೊಟ್ಟಿದ್ದನ್ನು ತಾಲ್ಲೂಕು ವರದಿಗಾರರಿಗೂ ಹೇಳಿಕೊಡ್ತೀರಾ?" ತುಂಬಿದ ಸಭೆಯಲ್ಲಿ ಇಲ್ಲ ಅನ್ನಲು ಆಗುತ್ತಾ?

ಆಷಾಢದ ಒಂದು ಭಾನುವಾರ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಪಾಠ ಮಾಡಿದೆ. ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ ಕಡೆಯಿಂದ ಒಂಬತ್ತು ಜನ ಬಂದಿದ್ದರು. ಕಾಗದದ ವಾಸನೆ, ಇಂಕಿನ ವಾಸನೆ, ಒಂದೇ ಫ್ಯಾನು. ಜೆ.ಸಿ. ಅಂದರೇನು, ಬಾಂಡು ಅಂದರೇನು, ಯಾವ ಕೇಸಿನಲ್ಲಿ ಯಾರ ಹೆಸರು ಬರೆಯಬಾರದು, ಎಲ್ಲಾ ಆಯ್ತು. ಲೈಂಗಿಕ ಅಪರಾಧಕ್ಕೆ ಒಳಗಾದವರ ಹೆಸರಾಗಲಿ ಮಕ್ಕಳ ಹೆಸರಾಗಲಿ ಸುಳಿಯಲೇಬಾರದು ಅಂತ ಎರಡೆರಡು ಸಲ ಹೇಳಿದೆ.

ಹಿಂದೆ ಕೂತಿದ್ದ ಹುಡುಗನೊಬ್ಬ ಪಾಠ ಕೇಳುತ್ತಲೇ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದ. ಎದ್ದು ಬಂದು ತೋರಿಸಿದ. "ಸಾರ್, ಇಲ್ಲೊಂದಿದೆ. ಬೇಲ್ ಆಗಿ ಎರಡು ತಿಂಗಳು. ಮೊನ್ನೆ ತಾರೀಖಿಗೂ ಜೆ.ಸಿ. ಅಂತಲೇ ಇದೆ. ಬರೀಲಾ?"

"ಅವನ ಮೇಲೆ ಬೇರೆ ಕೇಸ್ ಇದೆಯಾ ನೋಡಿದ್ಯಾ? ಅದರಲ್ಲಿ ಬೇಲ್ ಆಗದೇ ಇದ್ರೆ ಒಳಗಿರಲೇಬೇಕು."

ನೋಡಿರಲಿಲ್ಲ. ಅಲ್ಲೇ ನಿಂತು ಹೆಸರು ಹಾಕಿ ಹುಡುಕಿದ. ಅದೇ ಹೆಸರಿನವರು ಮೂವರು ಬಂದರು, ಅಪ್ಪನ ಹೆಸರು ಬೇರೆ ಬೇರೆ. ಪಕ್ಕದ ತಾಲ್ಲೂಕಿನಲ್ಲೂ ನೋಡು ಅಂದೆ. ಹತ್ತು ನಿಮಿಷ ಆಯ್ತು. ಇವನ ಮೇಲೆ ಇನ್ನೊಂದು ಕೇಸು ಸಿಗಲಿಲ್ಲ.

"ಈಗ ಬರೀಲಾ ಸಾರ್?"

"ಈಗಲೇ ಬೇಡ. ನಾಳೆ ಬೆಳಿಗ್ಗೆ ಜೈಲಿಗೆ ಹೋಗಿ, ಏಳನೇ ದಿನದ ಪತ್ರ ಹೋಗಿದೆಯಾ ಅಂತ ಕೇಳಿಕೊಂಡು ಬಾ."